ಈಜಿದರೆ ಬಂಗುಡೆ ಹೆಚ್ಚು ಬರುತ್ತದೆಯೇ?

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ನವೆಂಬರಿನಿಂದ ಫೆಬ್ರವರಿಯ ತನಕ, ನಾವು ನಾಲ್ಕೈದು ಮಂದಿ ಆದಿತ್ಯವಾರ ಬೆಳಗಿನ ಜಾವ ಮಲ್ಪೆಯ ಕಡೆಯ ಕಡಲಿನಲ್ಲಿ ಎರಡು ಮೂರು ಕಿಲೋಮೀಟರ್ ಈಜುತ್ತೇವೆ. ಜೊತೆಗೆ ಒಂದು ಸಣ್ಣ ದೋಣಿ ಬರುತ್ತದೆ. ಅದನ್ನು ನಡೆಸುವವರು ನಲವತ್ತು ವರ್ಷ ಮೀನುಗಾರಿಕೆ ಮಾಡಿ ಈಗ ಮನೆಯಲ್ಲಿರುವ ಹಿರಿಯರು. ನಮಗೆಲ್ಲ ಅವರು ಅಣ್ಣ. ಕಳೆದ ವರ್ಷ ಒಂದು ದಿನ ಕಂಕುಳಿಗೂ ಕುತ್ತಿಗೆಗೂ ವ್ಯಾಸಲೀನ್ ಬಳಿದುಕೊಳ್ಳುತ್ತಾ (ಬಳಿಯದಿದ್ದರೆ ಉಪ್ಪುನೀರಿನಲ್ಲಿ ಚರ್ಮ ಉಜ್ಜಿ ಮರುದಿನ ಅಂಗಿ ತೊಡುವುದೂ ಕಷ್ಟ) ಸಮುದ್ರವನ್ನು ಉಳಿಸಲೆಂದೇ ಈಜುವವರೊಬ್ಬರ ಕಥೆಯನ್ನು ಅವರಿಗೆ ಹೇಳಲು ಹೊರಟೆ. ಅವರು ನಡುವೆಯೇ ತಡೆದು ಕೇಳಿದರು: “ನೀವು ಈಜಿದ್ರೆ ಬಂಗುಡೆ ಹೆಚ್ಚು ಬರ್ತದಾ ಮಾರಾಯ್ರೇ?”

ಅಂದು ನನಗೆ ಉತ್ತರ ಹೊಳೆಯಲಿಲ್ಲ.

ನಾನು ಹೇಳಹೊರಟಿದ್ದು ಲೂಯಿಸ್ ಪ್ಯೂ ಅವರ ವಿಷಯ. ಇಂಗ್ಲೆಂಡಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದ, ಕಡಲ ಕಾನೂನನ್ನು ಓದಿ ವಕೀಲರಾಗಿದ್ದ ಅವರು 2007ರ ಜುಲೈ ತಿಂಗಳಲ್ಲಿ ಉತ್ತರ ಧ್ರುವದ ಹಿಮದ ನಡುವೆ ತೆರೆದುಕೊಂಡಿದ್ದ ನೀರಿನಲ್ಲಿ ಒಂದು ಕಿಲೋಮೀಟರನ್ನು 18 ನಿಮಿಷ 50 ಸೆಕೆಂಡುಗಳಲ್ಲಿ ಈಜಿದರು. ನೀರಿನ ಉಷ್ಣತೆ ಸೊನ್ನೆಗಿಂತ 1.7 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಉಪ್ಪಿನ ದೆಸೆಯಿಂದಷ್ಟೇ ಅದು ಇನ್ನೂ ಹೆಪ್ಪುಗಟ್ಟಿರಲಿಲ್ಲ. ಮೈಮೇಲಿದ್ದದ್ದು ಈಜುಚಡ್ಡಿ, ಟೊಪ್ಪಿ ಮತ್ತು ಕನ್ನಡಕ ಮಾತ್ರ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು (ಇಂಗ್ಲಿಷ್ ಚಾನೆಲ್) ದಾಟುವವರ ಹಳೆಯ ಕಟ್ಟುಪಾಡು ಇದು: ಮೈಯನ್ನು ಬೆಚ್ಚಗಿಡುವ ಉಡುಪು ಸಲ್ಲದು, ಜೊತೆಗೆ ಬರುವ ದೋಣಿಯನ್ನು ಮುಟ್ಟುವಂತಿಲ್ಲ. ನಮ್ಮ ದೇಶದವರೇ ಆದ ಈಜುಗಾರರು, 1958ರಲ್ಲಿ ಮಿಹಿರ್ ಸೇನ್ ಅವರೂ 1959ರಲ್ಲಿ ಆರತಿ ಸಾಹಾ ಅವರೂ ಆ ಕಡಲ್ಗಾಲುವೆಯನ್ನು ಈಜಿ ದಾಟಿದ್ದರು. ಧ್ರುವದ ಈಜಿನ ನಂತರ ಬೆರಳುಗಳಲ್ಲಿ ಸ್ಪರ್ಶಜ್ಞಾನ ಮರಳಲು ನಾಲ್ಕು ತಿಂಗಳು ಹಿಡಿಯಿತೆಂದು ಪ್ಯೂ ಹೇಳಿಕೊಂಡಿದ್ದಾರೆ. ಡಿಸೆಂಬರಿನಲ್ಲೂ ಬೆಚ್ಚಗಿರುವ ನಮ್ಮ ಕಡಲಿನಲ್ಲಿ ಈಜುವ ನನಗೆ ಅದನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ.

ಆದರೂ ನನ್ನ ಮಟ್ಟಿಗೆ ಉತ್ತರ ಧ್ರುವದ ಈಜು ಪತ್ರಿಕೆಯ ಮುಖಪುಟಕ್ಕೆ ತಕ್ಕ ಚಿತ್ರವಷ್ಟೇ. ಅಣ್ಣನ ಪ್ರಶ್ನೆಗೆ ಉತ್ತರದಂಥದ್ದೇನಾದರೂ ಸಿಗುವುದಿದ್ದರೆ ಅದು ರಾಸ್ ಸಮುದ್ರದಲ್ಲಿ.

ನ್ಯೂಜಿಲೆಂಡಿನ ದಕ್ಷಿಣಕ್ಕೆ, ಅಂಟಾರ್ಕ್ಟಿಕ ಖಂಡದೊಳಕ್ಕೆ ಚಾಚಿಕೊಂಡಿರುವ ರಾಸ್ ಸಮುದ್ರ ಅಡೆಲಿ ಪೆಂಗ್ವಿನ್‌ಗಳ ದೊಡ್ಡ ನೆಲೆ. ನಿಧಾನವಾಗಿ ಬೆಳೆದು ದೀರ್ಘಕಾಲ ಬದುಕುವ, ಹೊರಗಿನ ಮಾರುಕಟ್ಟೆಯಲ್ಲಿ ಭಾರಿ ಬೆಲೆ ಬಾಳುವ ಟೂತ್‌ಫಿಶ್ ಎಂಬ ಮೀನನ್ನು ಅರಸಿಕೊಂಡು ಹಡಗುಗಳು ಅಲ್ಲಿಯವರೆಗೂ ಹೋಗುತ್ತವೆ. ಆ ಸಮುದ್ರವನ್ನು ರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವವನ್ನು ಅಮೆರಿಕ ಮತ್ತು ನ್ಯೂಜಿಲೆಂಡ್ ಜಂಟಿಯಾಗಿ ಮುಂದಿಟ್ಟಿದ್ದವು. ಆದರೆ ಅಂಟಾರ್ಕ್ಟಿಕದ ಕಡಲ ಜೀವಸಂಪತ್ತನ್ನು ನೋಡಿಕೊಳ್ಳುವ ಆಯೋಗದಲ್ಲಿ, ಭಾರತವೂ ಸದಸ್ಯನಾಗಿರುವ ಆ ಸಭೆಯಲ್ಲಿ, ಒಂದೇ ಒಂದು ದೇಶ ಬೇಡವೆಂದರೂ ಪ್ರಸ್ತಾವ ಬಿದ್ದುಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಅದು ಬೀಳುತ್ತಲೇ ಬಂತು. 2015ರ ಆರಂಭದಲ್ಲಿ ಪ್ಯೂ ಅಲ್ಲಿಗೆ ಹೋಗಿ ಅದೇ ಚಡ್ಡಿ, ಅದೇ ಟೊಪ್ಪಿಯಲ್ಲಿ ಹಿಮದ ನೀರಿಗಿಳಿದರು. ಅಲ್ಲಿಂದ ಬಂದು ಸುಮ್ಮನೆ ಕೂರಲಿಲ್ಲ. ಕೊನೆಯವರೆಗೂ ಒಪ್ಪದೆ ಉಳಿದ ರಷ್ಯಾದ ಅಧಿಕಾರಸ್ಥರನ್ನು ಕಾಣಲು ಮಾಸ್ಕೋಗೆ ಮತ್ತೆ ಮತ್ತೆ ಹೋದರು. ಅಲ್ಲಿ ಅವರಿಗೆ ನೆರವಾದವರು ಐಸ್ ಹಾಕಿಯ ದಂತಕಥೆ ಸ್ಲಾವಾ ಫೆಟಿಸೊವ್. ಸ್ಪೀಡೊ ಎಂಬ ಈಜುಚಡ್ಡಿಯ ಹೆಸರಿನಿಂದ ಪತ್ರಿಕೆಗಳು ಇದನ್ನು ‘ಸ್ಪೀಡೊ ರಾಜತಂತ್ರ’ ಎಂದು ಕರೆದವು.

2016ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯಾದ ಹೊಬಾರ್ಟ್ ನಗರದಲ್ಲಿ ನಡೆದ ಸಭೆಯಲ್ಲಿ, ಎಲ್ಲರೂ ಒಪ್ಪಿದರು. ರಕ್ಷಣೆಗೆ ಒಳಪಟ್ಟದ್ದು 15.5 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಎಂಟು ಕರ್ನಾಟಕ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗದಲ್ಲಿ ವಾಣಿಜ್ಯ ಮೀನುಗಾರಿಕೆಯೇ ಇಲ್ಲ. 2017ರ ಡಿಸೆಂಬರಿನಿಂದ ಅದು ಜಾರಿಯಲ್ಲಿದೆ.

ಇದನ್ನೆಲ್ಲ ಒಬ್ಬ ಈಜುಗಾರ ಮಾಡಿಸಿದ ಎಂದರೆ ತಪ್ಪಾಗುತ್ತದೆ. ವರ್ಷಗಟ್ಟಲೆ ಪೆಂಗ್ವಿನ್‌ಗಳನ್ನೂ ಮೀನುಗಳನ್ನೂ ಎಣಿಸಿದ ವಿಜ್ಞಾನಿಗಳು, ಕರಡಿನ ಮೇಲೆ ಕರಡು ತಿದ್ದಿದ ರಾಜತಂತ್ರಜ್ಞರು ಇಲ್ಲದಿದ್ದರೆ ಅವರ ಈಜು ಬರಿಯ ಸಾಹಸವಾಗಿ ಉಳಿಯುತ್ತಿತ್ತು. ಒಬ್ಬ ಮನುಷ್ಯ ಕೆಲವು ನಿಮಿಷ ಈಜುವುದಕ್ಕಾಗಿ ಡೀಸೆಲ್ ಸುಟ್ಟುಕೊಂಡು ಹಡಗೊಂದು ಅಷ್ಟು ದೂರ ಹೋಗಬೇಕೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೆ ನೂರಾರು ಪುಟದ ವರದಿ ತೆರೆಯದ ಬಾಗಿಲು, ಹಿಮದ ನೀರಿನಲ್ಲಿ ಈಜಿ ಬದುಕಿ ಬಂದವನನ್ನು ಒಮ್ಮೆ ನೋಡೋಣವೆಂಬ ಕುತೂಹಲಕ್ಕಾದರೂ ತೆರೆಯುತ್ತದೆ. ಬಾಗಿಲು ತೆರೆಸುವವನು ಈಜುಗಾರ. ಒಳಗೆ ಹೋದ ಮೇಲೆ ಮಾತಾಡಬೇಕಾದವನು ವಕೀಲ. ಪ್ಯೂ ಅವರಲ್ಲಿ ಇಬ್ಬರೂ ಇದ್ದದ್ದು ಆ ಸಮುದ್ರದ ಅದೃಷ್ಟವೆಂದು ನನಗನ್ನಿಸುತ್ತದೆ.

2018ರಲ್ಲಿ ಅವರು ಇಂಗ್ಲಿಷ್ ಕಡಲ್ಗಾಲುವೆಯನ್ನು ಅಡ್ಡಲಾಗಿ ದಾಟುವ ಬದಲು ಉದ್ದಕ್ಕೆ ಈಜಿದರು: 49 ದಿನ, ಐನೂರಕ್ಕೂ ಹೆಚ್ಚು ಕಿಲೋಮೀಟರ್. ನಮ್ಮ ರಾಜ್ಯದ ಇಡೀ ಕರಾವಳಿಯೇ ಸುಮಾರು 320 ಕಿಲೋಮೀಟರ್ ಎಂದರೆ ಅಳತೆ ತಿಳಿದೀತು. ಅಷ್ಟು ದಿನ ಮುಖವನ್ನು ನೀರಿನೊಳಗಿಟ್ಟುಕೊಂಡವನಿಗೆ ಕಾಣುವುದು ದೋಣಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ನಾನು ಕಂಡದ್ದು ಬಹಳ ಸಣ್ಣದು. ನಮ್ಮ ಕಡಲಿನಲ್ಲಿ ಈಜುವಾಗ ಕೈ ಮುಂದೆ ಚಾಚಿದಾಗೆಲ್ಲ ಬೆರಳಿಗೆ ಏನೋ ಸುತ್ತಿಕೊಳ್ಳುತ್ತದೆ. ಜೆಲ್ಲಿ ಮೀನಿನ ಎಳೆಯೆಂದು ಒಮ್ಮೆ ಎದೆ ಧಸಕ್ಕೆನ್ನುತ್ತದೆ, ಉರಿ ಬಾರದಿದ್ದಾಗ ಅದು ನೈಲಾನ್ ನೂಲೆಂದು ತಿಳಿಯುತ್ತದೆ. ಅದನ್ನು ಚಡ್ಡಿಯ ಅಂಚಿಗೆ ಸಿಕ್ಕಿಸಿಕೊಂಡು ಬರುವುದು ನನ್ನ ಅಭ್ಯಾಸ. ಮೊನ್ನೆ ಹಾಗೆ ತಂದ ಏಳು ಚೂರುಗಳನ್ನು ದೋಣಿಯ ಹಲಗೆಯ ಮೇಲೆ ಹರಡಿದಾಗ ಅಣ್ಣ ಒಂದೊಂದನ್ನೇ ಬೆರಳಲ್ಲಿ ತಿರುಚಿ, ಹೊಸೆತ ನೋಡಿಯೇ ಇದು ಟ್ರಾಲ್ ಬಲೆಯದ್ದು, ಇದು ದೋಣಿ ಕಟ್ಟುವ ಹಗ್ಗದ್ದು ಎಂದು ಬೇರೆ ಮಾಡಿಟ್ಟರು.

ಆಗ ನಾನು ರಾಸ್ ಸಮುದ್ರದ ಕಥೆಯನ್ನು ಪೂರ್ತಿ ಹೇಳಿದೆ. ಅವರು ಈ ಬಾರಿ ತಡೆಯಲಿಲ್ಲ.

“ಜೂನ್ ಒಂದರಿಂದ ಎರಡು ತಿಂಗಳು ನಾವು ಬೋಟು ಕಟ್ಟಿ ಹಾಕ್ತೇವಲ್ಲ, ಹಾಗೆಯಾ?”

“ಹಾಗೆಯೇ ಅಣ್ಣ. ಅಲ್ಲಿ ಮಾತ್ರ ಮೂವತ್ತೈದು ವರ್ಷ.”

“ಆಮೇಲೆ?”

ಮುಂದುವರಿಯಬೇಕಾದರೆ 2052ರಲ್ಲಿ ಸದಸ್ಯ ದೇಶಗಳೆಲ್ಲ ಮತ್ತೊಮ್ಮೆ ಒಪ್ಪಬೇಕು, ಆ ಹೊತ್ತಿಗೆ ಪ್ಯೂ ಅವರಿಗೆ 83 ವರ್ಷ ಎಂದೆ. ಅಣ್ಣ ನೂಲಿನ ಚೂರುಗಳನ್ನು ಒಟ್ಟು ಮಾಡಿ ಗಂಟು ಹಾಕಿ ಜೇಬಿಗೆ ಸೇರಿಸಿದರು.

“ಹಾಗಾದ್ರೆ ಆಗ ಈಜುವವ ಯಾರು ಮಾರಾಯ್ರೇ?”