ಹಳೇ ಬೆಂಜ್‌ಗೆ ಟರ್ಬೊ ಹಾಕಿಸುವ ಮೊದಲು

ಕೊಡಗಿನ ತೋಟದ ಮನೆಗಳ ಶೆಡ್ಡಿನಲ್ಲಿ ಇನ್ನೂ ಒಂದೊಂದು ಹಳೇ ಬೆಂಜ್ ಸಿಗುತ್ತದೆ. ನನ್ನ ವರ್ಕ್‌ಶಾಪಿಗೆ ಬರುವುದು ಹೆಚ್ಚಾಗಿ 300ಡಿ, ಅಂದರೆ ಡಬ್ಲ್ಯು 123 ಸರಣಿಯದ್ದು. ತಂದವರ ಮಾತು ಒಂದೇ: "ಸಂಪಾಜೆ ಘಾಟಿ ಹತ್ತುವಾಗ ಎಳೆಯೋದೇ ಇಲ್ಲ, ಒಂದು ಟರ್ಬೊ ಕೂರಿಸಿಬಿಡಿ."

ಟರ್ಬೊ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಕೂರಿಸಬಹುದು. ಆದರೆ ಕಂಪನಿ ಕೊಟ್ಟ ಪವರ್ ಈಗ ಎಷ್ಟು ಉಳಿದಿದೆ ಅಂತ ಮೊದಲು ನೋಡೋಣ ಸರ್, ಅನ್ನುತ್ತೇನೆ. ಈ 3 ಲೀಟರಿನ 5 ಸಿಲಿಂಡರ್ ಡೀಸೆಲ್ ಎಂಜಿನ್ ಹೊಸದಿದ್ದಾಗಲೇ 88 ಎಚ್‌ಪಿ, ಅದೂ 1979ರ ನಂತರದ್ದಾದರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ಸುಮಾರು 10 ಪರ್ಸೆಂಟ್ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಪವರೂ ಹೆಚ್ಚುಕಮ್ಮಿ ಅಷ್ಟೇ ಖೋತಾ. ಅದರ ಮೇಲೆ ನಲವತ್ತು ವರ್ಷದ ಸವೆತ.

ನಾನು ಟ್ಯಾಪೆಟ್‌ನಿಂದ, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್‌ನಿಂದ ಶುರು ಮಾಡುತ್ತೇನೆ. ಇದರಲ್ಲಿ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಕೈಯಲ್ಲೇ ಸೆಟ್ ಮಾಡಬೇಕು: ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.10 ಮಿ.ಮೀ., ಎಕ್ಸಾಸ್ಟ್ 0.30. ಗ್ಯಾಪ್ ಜಾಸ್ತಿಯಾದರೆ ಟಕಟಕ ಸದ್ದು ಬರುತ್ತದೆ, ಯಾರಾದರೂ ಗಮನಿಸುತ್ತಾರೆ. ಆದರೆ ಓಡಿದಷ್ಟೂ ಗ್ಯಾಪ್ ಕಮ್ಮಿಯಾದರೆ ಸದ್ದೇ ಇಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಒತ್ತಿದ ಗಾಳಿ, ಸೋರುತ್ತಾ ಹೋಗುತ್ತದೆ, ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಜನ ಸುಮ್ನೆ ಸ್ಟಾರ್ಟ್ ಮಾಡುವಾಗ ಬಿಸಿ ಕೊಡುವ ಹೀಟರ್ ಪ್ಲಗ್ ಬದಲಾಯಿಸಿಕೊಂಡು ಕೂರುತ್ತಾರೆ. ಟ್ಯಾಪೆಟ್ ಮುಟ್ಟದೆ ಕಂಪ್ರೆಷನ್ ಗೇಜ್ ಹಾಕಿ, "ಬೋರ್ ಮಾಡಿಸಬೇಕು" (ಸಿಲಿಂಡರ್ ಕೊರೆಸಬೇಕು) ಅಂದರೆ ನಂಬಬೇಡಿ.

ಆಮೇಲೆ ವಾಲ್ವ್, ಡೀಸೆಲ್ ಪಂಪು ಎರಡನ್ನೂ ಹೊತ್ತಿಗೆ ಸರಿಯಾಗಿ ನಡೆಸುವ ಟೈಮಿಂಗ್ ಚೈನ್. ಅದು ಸವೆದು ಉದ್ದವಾದರೆ ವಾಲ್ವ್ ತೆರೆಯುವ ಹೊತ್ತಿನ ಜೊತೆ ಡೀಸೆಲ್ ಬೀಳುವ ಹೊತ್ತೂ ತಡವಾಗುತ್ತದೆ. ಈ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ತಲುಪಲು ಎಂಜಿನ್ ಇನ್ನೂ 24 ಡಿಗ್ರಿ ತಿರುಗುವುದು ಬಾಕಿ ಇರುವಾಗ ಪಂಪು ಡೀಸೆಲ್ ಕಳಿಸಲು ಶುರು ಮಾಡಬೇಕು. ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಟೆಸ್ಟ್ ಮಾಡಿಸಿ, ಏರ್ ಫಿಲ್ಟರ್ ಬದಲಾಯಿಸಿ, ಅದೆಲ್ಲ ಮಾಮೂಲಿ. ಒಬ್ಬರ ಗಾಡಿಯಲ್ಲಿ ಆಕ್ಸಿಲರೇಟರ್‌ನಿಂದ ಪಂಪಿಗೆ ಹೋಗುವ ಲಿಂಕೇಜಿನ ಬುಷ್ ಸವೆದು, ಪೂರ್ತಿ ತುಳಿದರೂ ಪಂಪಿನ ಲಿವರ್ ಕೊನೆವರೆಗೆ ಹೋಗುತ್ತಲೇ ಇರಲಿಲ್ಲ. ಅವರು ಟರ್ಬೊಗೆ ದುಡ್ಡು ಹೊಂದಿಸಿಕೊಂಡೇ ಬಂದಿದ್ದರು, ಪಾಪ!

ಇಷ್ಟಾದ ಮೇಲೂ ಟರ್ಬೊ ಬೇಕೇ ಬೇಕು ಅಂದರೆ, ಇದೇ ಎಂಜಿನ್ನಿಗೆ ಟರ್ಬೊ ಮಾತ್ರ ತಂದು ಬೋಲ್ಟ್ ಮಾಡಲು ನಾನು ಒಪ್ಪುವುದಿಲ್ಲ. ಕಂಪನಿಯೇ ಮಾಡಿದ ಟರ್ಬೊ ಎಂಜಿನ್ ಒಳಗೆಯೇ ಬೇರೆ: ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಏರ್ಪಾಡು, ಬಿಸಿ ತಡೆಯಲು ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವ್. ಇವಿಲ್ಲದ ಎಂಜಿನ್‌ಗೆ ಡೀಸೆಲ್ ಜಾಸ್ತಿ ಕೊಟ್ಟು ಘಾಟಿ ಪೂರ್ತಿ ತುಳಿದರೆ ಪಿಸ್ಟನ್ ಎಷ್ಟು ದಿನ ಬಾಳುತ್ತದೆ? ಸುಸ್ಥಿತಿಯ ಟರ್ಬೊ ಎಂಜಿನ್ನೇ ಸಿಕ್ಕರೆ ಇಳಿಸೋಣ. ಎಂಜಿನ್ ನಂಬರ್ ಆರ್‌ಸಿಯಲ್ಲೂ ಬದಲಾಗಬೇಕು, ಹಾಗಾಗಿ ಆರ್‌ಟಿಒ ಅನುಮತಿ ಮೊದಲು, ಸ್ಪ್ಯಾನರ್ ಆಮೇಲೆ. ಬ್ರೇಕ್, ರೇಡಿಯೇಟರ್ ಕೆಲಸವೂ ಅದೇ ಬಿಲ್ಲಿನಲ್ಲಿ ಬರುತ್ತದೆ. ಹತ್ತಿದ ಘಾಟಿ ಇಳಿಯಲೂಬೇಕಲ್ವಾ?