ಬುದ್ಧಿ ಹಲ್ಲು ಮತ್ತು ಉಳಿದ ಮಾತ್ರೆಗಳು

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಗೆ ಬುದ್ಧಿ ಹಲ್ಲು ಕೀಳಿಸಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಕೆನ್ನೆ ಊದಿಸಿಕೊಂಡು ಮೆತ್ತಗಿನ ಮೊಸರನ್ನ ನುಂಗುತ್ತಿದ್ದ. ನೋವಿಗೆ ಬರೀ ಐಬುಪ್ರೊಫೆನ್ ಅಂತೆ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಇದೇ ಹಲ್ಲಿಗೆ ವೈಕೊಡಿನ್ ಅನ್ನುವ, ಅಫೀಮಿನ ಜಾತಿಯ ನೋವಿನ ಮಾತ್ರೆಯ ಡಬ್ಬಿ ಬರೆದುಕೊಡುವುದು ಮಾಮೂಲಾಗಿತ್ತು. ನಾಲ್ಕು ನುಂಗಿ, ಉಳಿದದ್ದು ಬಾತ್‌ರೂಮಿನ ಕನ್ನಡಿ ಹಿಂದಿನ ಕಪಾಟಿಗೆ. ಎಷ್ಟೋ ಹುಡುಗರ ಚಟ ಶುರುವಾದದ್ದು ಆ ಕಪಾಟಿನಿಂದಲೇ.

ಹದಿನಾರರಲ್ಲಿ ಮೆದುಳಿನ ‘ಬೇಕು’ ಅನ್ನುವ ಭಾಗ ಆಗಲೇ ಜೋರಾಗಿರುತ್ತದೆ. ‘ಸಾಕು’ ಅನ್ನುವ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ಕ್ಕೆ. ವೈಕೊಡಿನ್‌ನಂಥ ಓಪಿಯಾಯ್ಡ್ ಮಾತ್ರೆ ಮೆದುಳಿನಲ್ಲಿ ಡೋಪಮೀನ್ ಅನ್ನುವ ಖುಷಿಯ ರಾಸಾಯನಿಕ ಉಕ್ಕಿಸುತ್ತದೆ. ಪದೇ ಪದೇ ಹೀಗಾದರೆ ಆಟ, ಗೆಳೆಯರು, ಊಟ ಎಲ್ಲ ಸಪ್ಪೆ ಅನ್ನಿಸತೊಡಗುತ್ತದೆ. ಮಾತ್ರೆ ಬಿಟ್ಟ ತಕ್ಷಣ ಅದು ಸರಿಹೋಗುವುದಿಲ್ಲ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆನ್ನುನೋವಿಗೆ ಒಂದು ತಿಂಗಳು ಮಾರ್ಫಿನ್ (ಇದೂ ಓಪಿಯಾಯ್ಡೇ) ತೆಗೆದುಕೊಂಡವರ ಮೆದುಳಿನಲ್ಲಿ ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಾಲಾದ ಒಂದು ಭಾಗ ಕುಗ್ಗಿತ್ತು. ನಿಲ್ಲಿಸಿ ತಿಂಗಳುಗಳಾದ ಮೇಲೂ ಬದಲಾವಣೆ ಉಳಿದಿತ್ತು. ಅವರೆಲ್ಲ ದೊಡ್ಡವರು, ಅದೂ ಹತ್ತೇ ಜನ. ಹುಡುಗರಿಗೂ ಹೀಗೇ ಅಂತ ಸುಮ್ನೆ ಹೇಳಿಬಿಡಲು ಆಗಲ್ಲ. ಆದರೂ ಡಾಕ್ಟರ್ ಹೇಳಿದಂತೆ ನುಂಗಿದವರಿಗೇ ಹೀಗಾದರೆ, ಮಜಾಕ್ಕೆ ನುಂಗುವವರ ಕಥೆ ಏನು?

ನಮ್ಮಲ್ಲಿ ಟ್ರಾಮಡಾಲ್ ಅನ್ನುವ ಓಪಿಯಾಯ್ಡ್ ನೋವಿನ ಮಾತ್ರೆ 2018ರಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬಂತು. ಆದರೆ ಚೀಟಿ ಇಲ್ಲದೆಯೂ ಕೇಳಿದ ಮಾತ್ರೆ ಕೊಡುವ ಅಂಗಡಿ ನಿಮ್ಮ ಬೀದಿಯಲ್ಲೂ ಒಂದಿದೆ, ಅಲ್ವಾ?