ಅಡಕೊತ್ತಿನಲ್ಲಿ ಕತ್ತರಿಸಿದ ಗಮ್ಮಿ

ನಮ್ಮ ಮನೆಯಲ್ಲಿ ಅಡಕೊತ್ತು ಇರುವುದು ಅಪ್ಪನಿಗಾಗಿ. ತೀರ್ಥಹಳ್ಳಿಯಿಂದ ಟೊರಾಂಟೊಗೆ ಬಂದಾಗಲೆಲ್ಲ ಹೊತ್ತು ತರುವುದು ಯಾಕೆ ಅಂತ ಒಂದನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. 2023ರ ಫೆಬ್ರವರಿಯ ಒಂದು ಶನಿವಾರ ಸಂಜೆ ಆ ಅಡಕೊತ್ತಿನಲ್ಲಿ ನಾನು ಗಾಂಜಾ ಗಮ್ಮಿ, ಅಂದರೆ ಗಾಂಜಾ ಸೇರಿಸಿದ ಜೆಲ್ಲಿ ಮಿಠಾಯಿ, ಕತ್ತರಿಸಿದೆ. ಅಪ್ಪನಿಗೆ ಇದು ಗೊತ್ತಿಲ್ಲ. ಅವರು ಇಂಟರ್ನೆಟ್ಟಿನಲ್ಲಿ ಅಡಿಕೆ ರೇಟು ಬಿಟ್ಟು ಬೇರೇನೂ ನೋಡುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಆಗ ನನಗೆ 43. ಅಲ್ಲಿಯವರೆಗೆ ಗಾಂಜಾ ಅಂದರೆ ಪೇಪರಿನಲ್ಲಿ ಮೂಟೆಗಳ ಹಿಂದೆ ಸಾಲಾಗಿ ನಿಂತ ಪೊಲೀಸರ ಫೋಟೊ. ಇಲ್ಲವೇ ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ತುಂಗೆಯ ದಡದಲ್ಲಿ ಚಿಲುಮೆ ಹಿಡಿದು ಕೂತ ಬೈರಾಗಿ. "ಆ ಹೊಗೆ ಮೂಗಿಗೆ ಬಿದ್ರೂ ತಲೆ ಕೆಡ್ತದೆ, ಈಚೆ ಬಾ" ಅಂತ ಅಜ್ಜಿ ಕೈ ಹಿಡಿದು ಎಳೆಯುತ್ತಿದ್ದಳು. ಕೆನಡಾ 2018ರ ಅಕ್ಟೋಬರ್ 17ರಂದು ಇದನ್ನು ದೇಶಕ್ಕೆಲ್ಲ ಕಾನೂನುಬದ್ಧ ಮಾಡಿತು. ಆಮೇಲೆ ನಮ್ಮ ಬಸ್ ಸ್ಟಾಪಿನ ದಾರಿಯಲ್ಲೇ ಎರಡು ಅಂಗಡಿ ಬಂದವು. ಆದರೂ ಅವುಗಳ ಮುಂದೆ ಹೋಗುವಾಗ ನನ್ನ ಕಾಲು ತಾನಾಗಿ ಜೋರಾಗುತ್ತಿತ್ತು. ಅಜ್ಜಿಯ ಕೈ ಅಷ್ಟು ಗಟ್ಟಿ.

"ಒಂದ್ಸಲ ನೋಡೇಬಿಡೋಣ ಮಾರಾಯ" ಅಂದವನು ಗೆಳೆಯ. ಅವನೂ ನಮ್ಮ ಕಡೆಯವನೇ. ಅವನ ಹೆಂಡತಿ ಇಲ್ಲಿ ನರ್ಸ್. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಅಕ್ಕ ಬೇಡ ಅನ್ನಲಿಲ್ಲ. ಆದರೆ ಲಗ್ನಕ್ಕೆ ಗಂಡಿನ ಮನೆಯವರು ವಿಚಾರಿಸುವ ಹಾಗೆ ಒಂದೊಂದೇ ಕೇಳಿದರು. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ? ಇಲ್ಲದ್ದು ಕೇಳಿಸುವುದು, ಸುಮ್ನೆ ಸಂಶಯ ಪಡುವುದು, ಅಂಥದ್ದು? ಎದೆ ತೊಂದರೆ? ರಕ್ತ ತೆಳು ಮಾಡುವ ಮಾತ್ರೆ, ನಿದ್ದೆ ಮಾತ್ರೆ ಏನಾದರೂ? ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇರಲಿಲ್ಲ. ಆಮೇಲೆ ಶರತ್ತು: ಸೇದುವುದು ಬೇಡ, ಶ್ವಾಸಕೋಶ ಯಾಕೆ ಹಾಳು. ಆ ದಿನ ಬಿಯರ್ ಒಂದು ಗುಟುಕೂ ಇಲ್ಲ. ಕಾರಿನ ಕೀ ತಮ್ಮ ಕೈಗೆ. ತಾವು ತಿನ್ನುವುದಿಲ್ಲ, ಸುಮ್ನೆ ಕೂತಿರುತ್ತಾರೆ. ನನ್ನ ಹೆಂಡತಿ "ನಾನೂ ಅರ್ಧ ತಗೋತೀನಿ, ಇವರೊಬ್ಬರೇ ಯಾಕೆ" ಅಂದಳು. ಒಂಬತ್ತು ವರ್ಷದ ಮಗಳು ಆ ರಾತ್ರಿ ಅವಳ ಗೆಳತಿಯ ಮನೆಯಲ್ಲಿ ಉಳಿಯುವುದೆಂದಾಯಿತು.

ಅಂಗಡಿಯ ಬಾಗಿಲಲ್ಲೇ ಐಡಿ ಕೇಳಿದರು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿರಬೇಕು. ನನ್ನ ಅರ್ಧ ನೆರೆತ ಗಡ್ಡ ನೋಡಿಯೂ ಕೇಳಿದ್ದಕ್ಕೆ ಒಂಥರಾ ಖುಷಿಯಾಯಿತು. ಒಳಗೆ ಮೊಬೈಲ್ ಅಂಗಡಿಯಷ್ಟು ಬೆಳಕು. ಕೌಂಟರಿನ ಹುಡುಗಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಜೆಲಟಿನ್ ಇದೆಯಾ?" ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವುದು. ಗಾಂಜಾ ತಿನ್ನಲು ಹೊರಟವನಿಗೆ ಮಡಿಯ ಚಿಂತೆ! ಅವಳು ನಗದೆ ಹಣ್ಣಿನಿಂದ ತೆಗೆದ ಪೆಕ್ಟಿನ್‌ನಿಂದ ಮಾಡಿದ ಡಬ್ಬಿ ಹುಡುಕಿಕೊಟ್ಟಳು. ಇಲ್ಲಿ ತಿನ್ನುವ ಪದಾರ್ಥವಾದರೆ ಒಂದು ಪ್ಯಾಕೆಟ್ಟಿನಲ್ಲಿ ಟಿಎಚ್‌ಸಿ, ಅಂದರೆ ಅಮಲು ಬರಿಸುವ ಅಂಶ, 10 ಮಿಲಿಗ್ರಾಂ ಮೀರುವ ಹಾಗಿಲ್ಲ. ನಮ್ಮದರಲ್ಲಿ ಎರಡು ಗಮ್ಮಿ, ಒಂದೊಂದು 5 ಮಿಲಿಗ್ರಾಂ. ಎರಡು ಪ್ಯಾಕೆಟ್ ತಂದೆವು. ಮೊದಲ ಸಲಕ್ಕೆ ಎರಡೂವರೆ ಮಿಲಿಗ್ರಾಂ ಸಾಕು, ಜಾಸ್ತಿ ಬೇಡ ಅಂತ ಅವಳೂ ಹೇಳಿದಳು, ಅಕ್ಕನೂ ಹೇಳಿದ್ದರು.

ಪ್ಯಾಕೆಟ್ ಬಿಚ್ಚುವುದೇ ಒಂದು ಸಾಹಸ. ಮಕ್ಕಳ ಕೈಗೆ ಬಗ್ಗಬಾರದೆಂದು ಮಾಡಿದ್ದು ದೊಡ್ಡವರ ಕೈಗೂ ಬಗ್ಗಲಿಲ್ಲ. ಒಳಗಿದ್ದದ್ದು ಸಕ್ಕರೆ ಉದುರಿಸಿದ ಕೆಂಪು ಚೌಕ, ಥೇಟ್ ಪೆಪ್ಪರಮೆಂಟು. ನೋಡಿ ನನಗೆ ಭಯವಾದದ್ದು ಆಗ. ನನ್ನ ಮಗಳು ಇದನ್ನು ಮೇಜಿನ ಮೇಲೆ ಕಂಡರೆ ಯೋಚನೆಯನ್ನೇ ಮಾಡುವುದಿಲ್ಲ, ಬಾಯಿಗೆ ಹಾಕುತ್ತಾಳೆ. ಚಾಕು ಅಂಟುತ್ತಿತ್ತು. ಅಡಕೊತ್ತಿನ ಅಲಗಿಗೆ ನೀರು ಸವರಿ ಒತ್ತಿದೆ. ಸರಿಯಾಗಿ ಎರಡು ಹೋಳು.

ಊಟ ಮುಗಿಸಿ ಏಳು ಗಂಟೆಗೆ ಮೂವರೂ ಅರ್ಧರ್ಧ ತಿಂದೆವು. ಹುಳಿ, ಸಿಹಿ, ಕೊನೆಗೆ ಸೊಪ್ಪು ಒಣಹಾಕಿದ ಅಟ್ಟದಂಥ ವಾಸನೆ. ಆಮೇಲೆ ಕಾಯುವುದು.

ಇಡೀ ಕಥೆ ಇರುವುದೇ ಈ ಕಾಯುವುದರಲ್ಲಿ. ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುತ್ತದಂತೆ. ತಿಂದದ್ದು ಹಾಗಲ್ಲ. ಹೊಟ್ಟೆಗೆ ಹೋಗಿ, ಅಲ್ಲಿಂದ ಲಿವರಿಗೆ ಹೋಗಿ, ಅಲ್ಲಿ ಇನ್ನೂ ಗಟ್ಟಿಯಾದ ಬೇರೊಂದು ರೂಪ ತಾಳಿ ತಲೆಗೆ ಏರುತ್ತದೆ. ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಪೂರ್ತಿ ಏರಲು ನಾಲ್ಕು ಗಂಟೆಯವರೆಗೂ ಹಿಡಿಯಬಹುದು. ಇದನ್ನೆಲ್ಲ ಅಕ್ಕ ನಮ್ಮ ಮೂವರಿಗೂ ಹೇಳಿದ್ದರು. ಮೂವರೂ ತಲೆಯಾಡಿಸಿದ್ದೆವು.

ಎಂಟು ಗಂಟೆಗೆ ಗೆಳೆಯ "ಏನೂ ಇಲ್ವಲ್ಲ, ದುಡ್ಡು ದಂಡ" ಅಂದ. ನೀರು ಕುಡಿಯುತ್ತೇನೆಂದು ಅಡುಗೆಮನೆಗೆ ಹೋದ. ಹೋಗಿ ಏನು ಮಾಡಿದ ಅನ್ನುವುದು ನಮಗೆ ಗೊತ್ತಾದದ್ದು ಒಂದೂಕಾಲು ಗಂಟೆ ಕಳೆದ ಮೇಲೆ.

ಅಷ್ಟರಲ್ಲಿ ನನಗೆ ಶುರುವಾಗಿತ್ತು. ಮೊದಲು ಬಾಯಿ ಒಣಗಿತು, ಎಳೆ ಅಡಿಕೆ ಜಗಿದ ಹಾಗೆ ಒಗರು. ಆಮೇಲೆ ಫ್ರಿಜ್ಜಿನ ಸದ್ದು. ಎಂಟು ವರ್ಷದಿಂದ ಮನೆಯಲ್ಲಿರುವ ಫ್ರಿಜ್ಜು, ಅದಕ್ಕೊಂದು ಶ್ರುತಿ ಇದೆ ಅಂತ ಆವತ್ತು ತಿಳಿಯಿತು. ಮೈಕ್ರೋವೇವಿನ ಗಡಿಯಾರ 8:52 ತೋರಿಸುತ್ತಿತ್ತು. ಹೆಂಡತಿಗೆ ನಮ್ಮ ತೋಟದ ಕೆಳಗಿನ ಹಳ್ಳದ ವಿಷಯ ಉದ್ದಕ್ಕೆ ಹೇಳಿದೆ. ಮಳೆಗಾಲದಲ್ಲಿ ಸಂಕ ಕೊಚ್ಚಿ ಹೋದದ್ದು, ಅಪ್ಪ ಮತ್ತೆ ಅಡಿಕೆ ಮರ ಹಾಸಿದ್ದು, ಎಲ್ಲ. ಮುಗಿಸಿ ನೋಡಿದರೆ 8:53. ಇಬ್ಬರೂ ನಗಲು ಶುರು ಮಾಡಿದೆವು. ಕೋಡುಬಳೆ ಕಚ್ಚಿದರೆ ಆ ಕರುಕುರು ತಲೆಯೊಳಗೆಲ್ಲ ಓಡಾಡುತ್ತಿತ್ತು. ಎಂಟು ಕೋಡುಬಳೆ ತಿಂದೆನಂತೆ. ಲೆಕ್ಕ ಇಟ್ಟದ್ದು ಅಕ್ಕ.

ನಿಜ ಹೇಳಬೇಕೆಂದರೆ ಚಿಕ್ಕವನಿದ್ದಾಗ ಕದ್ದು ಅಡಿಕೆ ತಿಂದು ಸೊಕ್ಕು ಬಂದದ್ದು ಇದಕ್ಕಿಂತ ಜೋರಾಗಿತ್ತು. ಕಿವಿ ಬಿಸಿಯಾಗಿ, ಬೆವರಿ, ಕಣದಲ್ಲೇ ಕುಸಿದು ಕೂತಿದ್ದೆ. ಅಡಿಕೆ ತಿಂದು ಗೊತ್ತಿಲ್ಲದವರಿಗೆ ಈ ಸೊಕ್ಕು ಏನೆಂದು ವಿವರಿಸುವುದು ಕಷ್ಟ.

ಒಂಬತ್ತೂಕಾಲಿಗೆ ಗೆಳೆಯ ಸೋಫಾದಿಂದ ಎದ್ದು ನಿಂತು "ನನ್ನ ಎದೆ ನೋಡೇ" ಅಂದ. ಮುಖ ಬಿಳಚಿಕೊಂಡಿತ್ತು. "ನಾನು ಹೋಗ್ತೀನಿ ಅನ್ಸುತ್ತೆ. ಮಕ್ಕಳಿಗೆ ಏನಂತ ಹೇಳ್ತೀಯ?" ಅಡುಗೆಮನೆಯಲ್ಲಿ ಮಿಕ್ಕ ಅರ್ಧ ತಿಂದು, ಅದರ ಮೇಲೆ ಇನ್ನೊಂದು ಇಡೀ ಗಮ್ಮಿಯನ್ನೂ ನುಂಗಿದ್ದ. ಒಟ್ಟು 10 ಮಿಲಿಗ್ರಾಂ. ರೂಢಿ ಇದ್ದವರಿಗೆ ಅದು ಏನೂ ಅಲ್ಲದಿರಬಹುದು. ಮೊದಲ ಸಲದವನಿಗೆ ಸಾಕೋ ಸಾಕು.

ಅಕ್ಕನಿಗೆ ಸಿಟ್ಟು ಬಂದದ್ದು ಕಣ್ಣಲ್ಲಿ ಕಂಡಿತು, ದನಿಯಲ್ಲಿ ಬರಲಿಲ್ಲ. ಕೈ ಹಿಡಿದು ನಾಡಿ ಎಣಿಸಿದರು. 118. ಎದೆಯಲ್ಲಿ ನೋವಿದೆಯಾ? ಇಲ್ಲ. ಉಸಿರು ಕಟ್ಟುತ್ತಾ? ಇಲ್ಲ, ಹೆದರಿಕೆ ಅಷ್ಟೇ. ನೋವು ಅಂದಿದ್ದರೆ, ಎಚ್ಚರ ತಪ್ಪಿದ್ದರೆ, ವಾಂತಿ ನಿಲ್ಲದಿದ್ದರೆ ಆಗಲೇ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುತ್ತಿದ್ದೆ, ಗಾಂಜಾ ತಿಂದಿದ್ದಾನೆ ಅಂತ ಮುಚ್ಚಿಡದೆ ಹೇಳುತ್ತಿದ್ದೆ ಅಂತ ಆಮೇಲೆ ಅಂದರು. ದೊಡ್ಡ ಲೈಟ್ ಆರಿಸಿ, ಅವನನ್ನು ಮಗ್ಗುಲಾಗಿ ಮಲಗಿಸಿ, ಕಂಬಳಿ ಹೊದಿಸಿದರು. ಗುಟುಕು ಗುಟುಕು ನೀರು. "ಇಳಿಸೋಕೆ ಏನಾದ್ರೂ ಮದ್ದು ಕೊಡೇ" ಅಂದ. "ಮದ್ದಿಲ್ಲ. ಅದಾಗಿ ಇಳೀಬೇಕು. ಇಳಿಯುತ್ತೆ. ನಾನು ಇಲ್ಲೇ ಇರ್ತೀನಿ."

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟವಾಯಿತು. "ಶಿವಮೊಗ್ಗ ಸ್ಟ್ಯಾಂಡಲ್ಲಿ ಬಸ್ ಹತ್ತಿದ್ದೀಯ. ಊರು ಊರು ಹೇಳ್ತಾ ಬಾ" ಅಂದರು.

"ಗಾಜನೂರು."

"ಹೂಂ."

"ಸಕ್ರೆಬೈಲು. ಆನೆ."

"ಹೂಂ, ಆಮೇಲೆ?"

"ಮಂಡಗದ್ದೆ." ಅಲ್ಲಿ ನಿಂತುಬಿಟ್ಟ. ಮತ್ತೆ ಮಂಡಗದ್ದೆ. ಹಕ್ಕಿ, ಹೊಳೆ, ಮತ್ತೆ ಮಂಡಗದ್ದೆ. "ಬಸ್ಸು ಮುಂದೆ ಹೋಗ್ತಾ ಇಲ್ಲ ಕಣೇ" ಅಂತ ಕಣ್ಣಲ್ಲಿ ನೀರು ತಂದುಕೊಂಡ. "ಕಂಡಕ್ಟರ್ ಟೀ ಕುಡೀತಿದ್ದಾನೆ, ಬರ್ತಾನೆ ಇರು" ಅಂದರು ಅಕ್ಕ. ಆ ಬಸ್ಸು ಮಂಡಗದ್ದೆ ಬಿಡುವಾಗ ರಾತ್ರಿ ಒಂದು ಗಂಟೆ. ತೀರ್ಥಹಳ್ಳಿ ಮುಟ್ಟುವ ಮೊದಲೇ ಗೊರಕೆ ಬಂತು.

ಬೆಳಿಗ್ಗೆ ಅವನಿಗೆ ನಾಚಿಕೆ, ನನಗೆ ತಲೆಯೊಳಗೆ ಒದ್ದೆ ಹತ್ತಿ ತುರುಕಿದಂಥ ಮಂಪರು. ಉಳಿದ ಒಂದು ಗಮ್ಮಿಯನ್ನು ಹೆಂಡತಿ ಪಾಸ್‌ಪೋರ್ಟ್ ಇಡುವ ಸೂಟ್‌ಕೇಸಿನಲ್ಲಿ ಹಾಕಿ ಬೀಗ ಹಾಕಿದಳು. ಮರುಕ್ಷಣ ನೆನಪಾಗಿ ಪಾಸ್‌ಪೋರ್ಟುಗಳನ್ನು ಈಚೆ ತೆಗೆದಳು. ಆ ಸೂಟ್‌ಕೇಸು ಹಿಡಿದು ಎಲ್ಲಿಯಾದರೂ ವಿಮಾನ ಹತ್ತಿದರೆ? ಗಡಿ ದಾಟಿಸುವುದು ಇಲ್ಲೂ ಅಪರಾಧ, ಊರಲ್ಲಂತೂ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಕಾದು ಕೂತಿದೆ. ನಾನು ಅಡಕೊತ್ತನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದೆ.

ಮಧ್ಯಾಹ್ನ ಮಗಳನ್ನು ಕರೆತರಬೇಕಿತ್ತು. ಅಮಲು ಇಳಿದಿದೆ ಅನ್ನಿಸಿದರೂ ಅದರ ಚೂರುಪಾರು 24 ಗಂಟೆ ಇರಬಹುದು ಅಂತ ಅಕ್ಕ ಕೀ ಕೊಟ್ಟಿರಲಿಲ್ಲ. ಹೊರಗೆ ಮೈನಸ್ ಹನ್ನೆರಡು. ಎರಡು ಬಸ್ ಬದಲಾಯಿಸಿ ಹೋದೆ.

"ಕಾರ್ ಎಲ್ಲಿ ಅಪ್ಪಾ?" ಅಂದಳು.

"ಮನೇಲಿದೆ. ಬಸ್ಸಲ್ಲಿ ಹೋಗೋಣ."

ಕಿಟಕಿ ಪಕ್ಕದ ಸೀಟು ಹಿಡಿದು ಮಂಜಿನ ಗಾಜಿನ ಮೇಲೆ ಬೆರಳಲ್ಲಿ ಬೆಕ್ಕು ಬರೆಯತೊಡಗಿದಳು. ಸ್ಟಾಪು ಬಂದ ಹಾಗೆಲ್ಲ ನಾನು ಮನಸ್ಸಿನಲ್ಲೇ ಹೆಸರು ಹೇಳಿಕೊಂಡೆ. ಬಸ್ಸು ಎಲ್ಲೂ ಜಾಸ್ತಿ ಹೊತ್ತು ನಿಲ್ಲಲಿಲ್ಲ.